ಧೂಮಕೇತು ಸಾಲದೇ, ಮೇಷ್ಟ್ರೇ?

ಪತ್ರ: ‘3ಐ ಅಟ್ಲಾಸ್ ಕುರಿತ ನಿಮ್ಮ ಲೇಖನ ಸಪ್ಪೆ. ಅನ್ಯಗ್ರಹದವರ ನೌಕೆ ಇರಬಹುದೆಂದು ದೊಡ್ಡ ವಿಜ್ಞಾನಿಯೇ ಹೇಳುತ್ತಿರುವಾಗ ನೀವು ಬರೀ ಮಂಜು, ದೂಳು ಎಂದು ಮುಗಿಸಿದಿರಿ. ನನ್ನ ಮೊಮ್ಮಗ ಎರಡು ಪ್ಯಾರಾ ಓದಿ ಬದಿಗಿಟ್ಟ.’
– ನಿವೃತ್ತ ಶಿಕ್ಷಕರು, ರಾಜಾಜಿನಗರ

ಉತ್ತರ: ಮೇಷ್ಟ್ರೇ, ಮೊಮ್ಮಗನ ಪರವಾಗಿ ಜಗಳಕ್ಕೆ ಬಂದಿದ್ದೀರಿ, ಸಂತೋಷ. ಹಾರ್ವರ್ಡ್‌ನ ಖಗೋಳವಿಜ್ಞಾನಿ ಅವಿ ಲೋಬ್ 3ಐ ಅಟ್ಲಾಸ್ ಧೂಮಕೇತುವಿನ ಬಗ್ಗೆ ನೌಕೆಯ ಮಾತೆತ್ತಿದ್ದು ನಿಜ. ಸೌರವ್ಯೂಹದ ಹೊರಗಿನಿಂದ ಬಂದು ನಮ್ಮ ಕಣ್ಣಿಗೆ ಬಿದ್ದ ಮೊದಲ ಅತಿಥಿ, 2017ರ ಔಮುವಾಮುವಾ, ಬಾಲವೇ ಕಾಣದಿದ್ದರೂ ಸೂರ್ಯನ ಸೆಳೆತದ ಲೆಕ್ಕಕ್ಕೆ ಸಿಗದ ಒಂದಿಷ್ಟು ವೇಗ ಪಡೆದದ್ದೂ ಒಗಟೇ. ಕೇಳುವುದು ತಪ್ಪಲ್ಲ.

ಆದರೆ ಮಂಜು ಸಪ್ಪೆ ಎಂದಿರಲ್ಲ, ಅದನ್ನು ಒಪ್ಪಲಾರೆ. ಸೆಕೆಂಡಿಗೆ ಸುಮಾರು 58 ಕಿ.ಮೀ. ವೇಗ ಹೊತ್ತೇ ಮೂರನೆಯ ಅತಿಥಿ 3ಐ ಅಟ್ಲಾಸ್ ಸೌರವ್ಯೂಹದತ್ತ ಬಂತು. ಅಂಥದ್ದನ್ನು ಸೂರ್ಯ ತುಸು ತಿರುಗಿಸಬಲ್ಲ, ಕಟ್ಟಿಹಾಕಲಾರ. ಯಾವುದೋ ನಕ್ಷತ್ರದ ಮನೆಯಿಂದ ಹೊರಬಿದ್ದ ಚೂರು! ಜೇಮ್ಸ್ ವೆಬ್ ಬಾಹ್ಯಾಕಾಶ ದೂರದರ್ಶಕ ನೋಡಿದಾಗ ಅದರಿಂದ ಹೊಮ್ಮುವ ಅನಿಲದಲ್ಲಿ ನೀರಾವಿಗಿಂತ ಇಂಗಾಲದ ಡೈಆಕ್ಸೈಡೇ ಹಲವು ಪಟ್ಟು ಹೆಚ್ಚಿತ್ತು. ನಮ್ಮ ಧೂಮಕೇತುಗಳಲ್ಲಿ ಸಾಮಾನ್ಯವಾಗಿ ನೀರಿನದೇ ಮೇಲುಗೈ. ಬೇರೆ ನಕ್ಷತ್ರಗಳನ್ನು ಸುತ್ತುವ ಆರು ಸಾವಿರಕ್ಕೂ ಹೆಚ್ಚು ಗ್ರಹಗಳು ಪತ್ತೆಯಾಗಿವೆ. ಯಾವುದರ ಬಳಿಗೂ ನಾವು ಹೋಗಲಾರೆವು. ಅಂಥ ಊರೊಂದರ ಬುತ್ತಿ ತಾನಾಗಿ ನಮ್ಮ ಹೊಸಿಲಿಗೆ ಬಂದು ಬಿಚ್ಚಿಕೊಂಡರೆ ಅದು ಸಪ್ಪೆಯೇ?

ಎರಡನೆಯ ಅತಿಥಿಯನ್ನು ಕಂಡವರು ಗೆನ್ನಡಿ ಬೋರಿಸೊವ್. 2019ರ ಆಗಸ್ಟ್ 30ರಂದು, ಕ್ರಿಮಿಯಾದಲ್ಲಿ, ಸ್ವಂತ ಕೈಯಿಂದ ಕಟ್ಟಿದ 65 ಸೆಂ.ಮೀ. ದೂರದರ್ಶಕದಲ್ಲಿ. ಹವ್ಯಾಸಿಯೊಬ್ಬರ ಹೆಸರು ಆ ಧೂಮಕೇತುವಿಗೆ ಅಂಟಿಕೊಂಡೇ ಸೌರವ್ಯೂಹ ದಾಟಿ ಹೋಗುತ್ತಿದೆ. ನನಗೆ ಇದು ನೌಕೆಗಿಂತ ದೊಡ್ಡ ಸುದ್ದಿ.

1986ರಲ್ಲಿ ಅಪ್ಪ ನನ್ನನ್ನು ಬೆಳಗಿನ ಜಾವ ಎಬ್ಬಿಸಿ, ಮಲ್ಲೇಶ್ವರದ ನಮ್ಮ ತಾರಸಿಯಿಂದ ಹ್ಯಾಲಿ ಧೂಮಕೇತು ತೋರಿಸಿದ್ದರು. ಮಸುಕು ಹತ್ತಿಯ ಉಂಡೆಯಂತಿತ್ತು. ಈಗ ಅದೇ ತಾರಸಿಯಲ್ಲಿ ನಿಂತರೆ ಸುತ್ತಲ ಅಪಾರ್ಟ್‌ಮೆಂಟುಗಳ ದೀಪ ಕಣ್ಣಿಗೆ ರಾಚುತ್ತದೆ. ಗುರು, ಶುಕ್ರ ಕಂಡರೆ ಪುಣ್ಯ. ರಸ್ತೆಗೆ ಬೆಳಕು ಬೇಕು, ಆಕಾಶಕ್ಕೇಕೆ? ಲಡಾಖಿನ ಹಾನ್ಲೆಯಲ್ಲಿ ದೂರದರ್ಶಕಕ್ಕಾಗಿ ಹಳ್ಳಿಯವರು ಕಿಟಕಿಗೆ ಪರದೆ ಎಳೆದು, ದೀಪಕ್ಕೆ ಮರೆ ಕಟ್ಟಿ ಕತ್ತಲು ಕಾಯುತ್ತಾರೆ. ಆ ದೂರದರ್ಶಕವನ್ನು ನಡೆಸುವುದು ನಮ್ಮ ಪಕ್ಕದ ಹೊಸಕೋಟೆಯಿಂದ. ಇದನ್ನು ಬೆಂಗಳೂರಿನ ಎಷ್ಟು ಮಕ್ಕಳಿಗೆ ಹೇಳಿದ್ದೇವೆ? ಕತ್ತಲನ್ನೂ ಕಿತ್ತುಕೊಂಡು, ಹೊಸಕೋಟೆಯ ಸುದ್ದಿಯನ್ನೂ ಮುಚ್ಚಿಟ್ಟರೆ, ಹುಡುಗ ಮೊಬೈಲಿನಲ್ಲಿ ನೌಕೆ ಹುಡುಕದೆ ಇನ್ನೇನು ಮಾಡಿಯಾನು?

ತಪ್ಪು ಅವನದಲ್ಲ. ಮೂರನೆಯ ಪ್ಯಾರಾದಿಂದ ಓದಲು ಹೇಳಿ ಮೇಷ್ಟ್ರೇ, ಬೋರಿಸೊವ್ ಬರುವುದು ಅಲ್ಲೇ.