ಹಾವೇರಿಯ ತಂಗಿಗೆ: ಹ್ಯಾಮ್ ರೇಡಿಯೊ ಬಿಡಬೇಡಿ

ನಮಸ್ಕಾರ ತಂಗಿ. ಸ್ವಂತ ರೇಡಿಯೊದಲ್ಲಿ ಬೇರೆ ಊರಿನವರ ಜೊತೆ ಮಾತಾಡುವ ಹವ್ಯಾಸ, ಹ್ಯಾಮ್ ರೇಡಿಯೊ ಬಗ್ಗೆ ನೀವು ಎರಡು ವಿಷಯ ಕೇಳಿದ್ದೀರಿ. ಹ್ಯಾಮ್ ಲೈಸೆನ್ಸಿಗೆ ಓದುತ್ತಿದ್ದೇನೆ, ತರಗತಿಯಲ್ಲಿ ನಾನೊಬ್ಬಳೇ ಹೆಂಗಸು, ಯಾರೂ ಮಾತಾಡಿಸಲ್ಲ, ಮುಂದುವರಿಸಲಾ ಬಿಡಲಾ ಅಂತ ಒಂದು. ಮನೆಯಲ್ಲಿ "ಇದರಿಂದ ಏನ್ ಸಿಗ್ತದ?" ಅಂತಾರೆ, ಅವರಿಗೆ ಏನು ಹೇಳಲಿ ಅಂತ ಇನ್ನೊಂದು. ನಾನು ಧಾರವಾಡದವಳು. ಹನ್ನೊಂದು ವರ್ಷದಿಂದ ಈ ಹವ್ಯಾಸದಲ್ಲಿದ್ದೇನೆ. ಬಿಡಬೇಡಿ ಅಂತಲೇ ನನ್ನ ಉತ್ತರ.

ಮೊದಲ ವರ್ಷ ನನಗೂ ಹೀಗೇ ಆಗಿತ್ತು. ಹುಬ್ಬಳ್ಳಿಯಲ್ಲಿ ಒಂದು ಆಂಟೆನಾ ಕಟ್ಟುವ ಶಿಬಿರಕ್ಕೆ ಹೋಗಿದ್ದೆ. ಕನೆಕ್ಟರಿಗೆ ಸೋಲ್ಡರ್ ಮಾಡುತ್ತಿದ್ದೆ. ಪಕ್ಕದವರು "ಕೊಡ್ರಿ ಮೇಡಂ, ನಾ ಮಾಡಿಕೊಡ್ತೀನಿ" ಅಂತ ಸೋಲ್ಡರಿಂಗ್ ಐರನ್ ತಗೊಂಡೇ ಬಿಟ್ಟರು. ಅವರ ಮನಸ್ಸು ಕೆಟ್ಟದ್ದಲ್ಲ. ಆದರೆ ಸಂಜೆ ಬಸ್ಸು ಹತ್ತಿದಾಗ ಕೈಯಲ್ಲಿ ಆಂಟೆನಾ ಇತ್ತು, ಕಲಿತದ್ದು ಏನೂ ಇರಲಿಲ್ಲ. ಆಮೇಲೆ ಒಬ್ಬ ನಿವೃತ್ತ ಮಾಸ್ತರರು ಸಿಕ್ಕರು. ನನ್ನ ಬೆಸುಗೆ ನೋಡಿ, "ಮಂಕಾಗೇತಿ. ಮೊದಲ ತಂತಿ ಕಾಯಸ್ರಿ, ಆಮ್ಯಾಲೆ ಸೋಲ್ಡರ್ ಮುಟ್ಟಸ್ರಿ" ಅಂದರು. ಅಷ್ಟು ಹೇಳಿ ಕೈಕಟ್ಟಿ ಕೂತರು. ಮೂರು ಸಲ ಕೆಡಿಸಿದೆ, ಸುಮ್ಮನಿದ್ದರು. ನಾಲ್ಕನೇ ಸಲ ಬೆಸುಗೆ ಫಳಫಳ ಹೊಳೆಯಿತು.

ಅವತ್ತಿನಿಂದ ಯಾವುದೇ ಗುಂಪಿಗೆ ಹೋದರೂ ನಾನು ನೋಡುವುದು ಇದೊಂದೇ. ತಪ್ಪು ತೋರಿಸಿದ ಮೇಲೂ ಐರನ್ ನನ್ನ ಕೈಯಲ್ಲೇ ಬಿಡುತ್ತಾರಾ? ನಿಮ್ಮ ತರಗತಿಯಲ್ಲೂ ಅಂಥವರು ಒಬ್ಬರಾದರೂ ಇರುತ್ತಾರೆ. ಅವರ ಪಕ್ಕ ಹೋಗಿ ಕೂತುಕೊಳ್ಳಿ. ಒಬ್ಬರು ಸಾಕು, ಉಳಿದವರ ಪರಿಚಯ ಅವರಿಂದಲೇ ಆಗುತ್ತದೆ.

ಇನ್ನು ರೇಡಿಯೊ ಕಲಿಸುವ ವಿಷಯ. ನಾವು "ನೆಟ್" ಅಂತ ರೇಡಿಯೊದಲ್ಲೇ ಗುಂಪಾಗಿ ಸೇರುತ್ತೇವಲ್ಲ, ಅಲ್ಲಿ ನಡೆಸಿಕೊಡುವವರು ಒಬ್ಬೊಬ್ಬರ ಕಾಲ್ ಸೈನ್ (ಲೈಸೆನ್ಸಿನ ಜೊತೆ ಸಿಗುವ ಗುರುತಿನ ಹೆಸರು) ಕರೆದು ಸರದಿ ಕೊಡುತ್ತಾರೆ. ಇಬ್ಬರು ಒಟ್ಟಿಗೆ ಮಾತಿನ ಬಟನ್ ಒತ್ತಿದರೆ ಇಬ್ಬರ ಮಾತೂ ಕೆಡುತ್ತದೆ. ಹಾಗಾಗಿ ನೀವು "ಓವರ್" ಅನ್ನುವವರೆಗೂ ಎಲ್ಲರೂ ಕಾಯುತ್ತಾರೆ. ನಾನು ತುಂಬಿದ ಮನೆಯಲ್ಲಿ ಬೆಳೆದವಳು. ನನ್ನ ಮಾತು ಪೂರ್ತಿ ಮುಗಿಯಲಿ ಅಂತ ಹತ್ತಾರು ಜನ ಕಾದದ್ದು ಅದೇ ಮೊದಲು. ಶುರುವಿನಲ್ಲಿ ಎರಡೇ ವಾಕ್ಯ ಹೇಳಿ ಬಟನ್ ಬಿಡುತ್ತಿದ್ದೆ. ಬರಬರುತ್ತಾ ಹೇಳಬೇಕಾದ್ದನ್ನೆಲ್ಲ ಹೇಳಲು ಕಲಿತೆ. ಈಗ ಕಚೇರಿಯ ಮೀಟಿಂಗಿನಲ್ಲಿ ಯಾರಾದರೂ ನಡುವೆ ಬಾಯಿ ಹಾಕಿದರೆ, "ಇನ್ನೂ ಮುಗಿದಿಲ್ಲ ಸರ್" ಅಂತ ಸಮಾಧಾನವಾಗಿ ಹೇಳುತ್ತೇನೆ. ಕೇಳಿಸದಿದ್ದರೆ "ಇನ್ನೊಮ್ಮೆ ಹೇಳಿ" ಅನ್ನಲೂ ನಾಚಿಕೆ ಹೋಗಿದೆ. ರೇಡಿಯೊದಲ್ಲಿ ಅದನ್ನು ಎಲ್ಲರೂ ದಿನಾ ಹೇಳುತ್ತಾರೆ.

ಹಳೇ ರೂಢಿಯೊಂದು ನಿಮ್ಮ ಕಿವಿಗೆ ಬೀಳುತ್ತದೆ. ಹ್ಯಾಮ್ ಭಾಷೆಯಲ್ಲಿ ಗಂಡಸರು "ಓಎಂ", ಅಂದರೆ ಓಲ್ಡ್ ಮ್ಯಾನ್. ಹೆಂಗಸರು ಎಪ್ಪತ್ತು ದಾಟಿದರೂ "ವೈಎಲ್", ಯಂಗ್ ಲೇಡಿ. ನನಗೆ ಮೊದಲು ಆ ಹೆಸರು ಹಿಡಿಸಲಿಲ್ಲ. ಆದರೆ 1939ರಲ್ಲಿ ಅಮೆರಿಕದ ಹೆಂಗಸರು ಅದೇ ಹೆಸರಿನಲ್ಲಿ ಯಂಗ್ ಲೇಡೀಸ್ ರೇಡಿಯೊ ಲೀಗ್ ಕಟ್ಟಿದರು. ಮಾತು ಮುಗಿಸುವಾಗ ಎಲ್ಲರೂ "73" ಅನ್ನುತ್ತೇವೆ, ಶುಭ ಹಾರೈಕೆ ಅಂತ. ಆ ಲೀಗಿನವರು ಹೆಂಗಸರು ಹೆಂಗಸರಿಗೇ ಹೇಳುವ "33" ಅನ್ನು ರೂಢಿಗೆ ತಂದರು. ಗೆಳೆತನದ ಪ್ರೀತಿ ಅಂತ ಅದರ ಅರ್ಥ. ಮುಖ ನೋಡದ ಒಬ್ಬ ಅಕ್ಕ ನನಗೆ ಮೊದಲ ಸಲ 33 ಹೇಳಿದ ಸಂಜೆ ಇನ್ನೂ ನೆನಪಿದೆ.

ಒಂದು ಎಚ್ಚರ. ಹೆಣ್ಣು ದನಿ ಕೇಳಿದ ಕೂಡಲೇ ತುಂಬಾ ಜನ ಕರೆಯುತ್ತಾರೆ. ಹೆಚ್ಚಿನವರು ಒಳ್ಳೆಯವರೇ. ಆದರೂ ಕಾಲ್ ಸೈನ್, ಹೆಸರು, ಊರು ಸಾಕು. ಫೋನ್ ನಂಬರ್ ಬೇಡ. ಮಾತು ದಾರಿ ತಪ್ಪಿದರೆ ಉತ್ತರ ಕೊಡದೆ ನಾಬ್ ತಿರುಗಿಸಿ, ನೆಟ್ ನಡೆಸುವವರಿಗೆ ತಿಳಿಸಿ.

ಮನೆಯವರಿಗೆ ನಮ್ಮ ದೇಶದವರೇ ಆದ ಹ್ಯಾಮ್ ಭಾರತಿ ಪ್ರಸಾದ್ ಅವರ ಕಥೆ ಹೇಳಿ. 2004ರ ಡಿಸೆಂಬರಿನಲ್ಲಿ ಅವರು ತಂಡದ ಜೊತೆ ಹ್ಯಾಮ್ ಹವ್ಯಾಸಕ್ಕಾಗಿಯೇ ಅಂಡಮಾನಿನ ಪೋರ್ಟ್ ಬ್ಲೇರಿಗೆ ಹೋಗಿದ್ದರು. 26ರ ಬೆಳಿಗ್ಗೆ ಸುನಾಮಿ ಬಂತು, ಫೋನು ಸತ್ತವು. ದ್ವೀಪದ ಸುದ್ದಿಯನ್ನು ಹೊರಗೆ ಮುಟ್ಟಿಸಿದ್ದು ಅವರ ರೇಡಿಯೊ. ನಮ್ಮತ್ತೆ ಮೊದಲೆಲ್ಲ "ಯಾರ ಕೂಡ ಮಾತಾಡಾಕತ್ತೀಯವಾ?" ಅಂತ ಬಾಗಿಲಲ್ಲಿ ನಿಲ್ಲುತ್ತಿದ್ದರು. ಈ ಕಥೆ ಕೇಳಿದ ಮೇಲೆ ಒಳಗೆ ಬಂದು ಕೂತರು.

ಪರೀಕ್ಷೆಗೆ ಹೆದರಬೇಡಿ. ಲೈಸೆನ್ಸಿನ ರಿಸ್ಟ್ರಿಕ್ಟೆಡ್ ದರ್ಜೆಗೆ ಮೋರ್ಸ್ (ಚುಕ್ಕೆ-ಗೆರೆಯ ಸಂಕೇತ) ಬೇಡ, ರೇಡಿಯೊ ಪಾಠ ಮತ್ತು ನಿಯಮ ಓದಿದರೆ ಸಾಕು. ಲೈಸೆನ್ಸ್ ಬರುವವರೆಗೆ ಆನ್‌ಲೈನಿನ ಅಗ್ಗದ ವಾಕಿಟಾಕಿ ತರಿಸಬೇಡಿ, ಅದು ಕಾನೂನಿಗೆ ವಿರುದ್ಧ. ಅಲ್ಲಿಯವರೆಗೆ ಮೊಬೈಲಿನಲ್ಲೇ ನೆದರ್‌ಲ್ಯಾಂಡ್ಸಿನ ಟ್ವೆಂಟೆ ವಿಶ್ವವಿದ್ಯಾಲಯದ ರೇಡಿಯೊ ಕೇಳಿಸುವ ತಾಣ ವೆಬ್‌ಎಸ್‌ಡಿಆರ್ ತೆರೆದು ಹ್ಯಾಮ್‌ಗಳ ಮಾತು ಕೇಳಿ, ಪುಕ್ಕಟೆ. ದಿನಾ ಅರ್ಧ ಗಂಟೆ ಕೇಳಿದರೆ ಮಾತಿನ ಲಯ ತಾನೇ ಕೂಡುತ್ತದೆ.

ಕಾಲ್ ಸೈನ್ ಬಂದ ಮೇಲೆ ಮೊದಲ ಆಂಟೆನಾ ಕೊಳ್ಳಬೇಡಿ, ಕಟ್ಟಿ. 145 ಮೆಗಾಹರ್ಟ್ಸಿನ ಎರಡು ತೋಳಿನ ಸಾದಾ ಆಂಟೆನಾ, ಅಂದರೆ ಡೈಪೋಲ್‌ಗೆ ಸುಮಾರು 49 ಸೆಂಟಿಮೀಟರಿನ ಎರಡು ತಾಮ್ರದ ತಂತಿ ಸಾಕು. ಒಂದೆರಡು ಸೆಂಟಿಮೀಟರ್ ಜಾಸ್ತಿಯೇ ಇಟ್ಟು, ಆಂಟೆನಾ ಹೊಂದಿತೇ ಅಂತ ತೋರಿಸುವ ಮೀಟರ್ ನೋಡುತ್ತಾ ಕತ್ತರಿಸಿ. ಏಪ್ರಿಲ್-ಮೇ ಸಂಜೆ ಗುಡುಗು ಶುರುವಾಗುವ ಮೊದಲೇ ಆಂಟೆನಾದ ಕೇಬಲನ್ನು ರೇಡಿಯೊದಿಂದ ಬಿಚ್ಚಿ ಹೊರಗಿಡಿ.

ಯಾವುದಾದರೂ ಭಾನುವಾರ ಧಾರವಾಡಕ್ಕೆ ಬನ್ನಿ. ತಂತಿ, ಮೀಟರ್ ನನ್ನ ಹತ್ತಿರ ಇವೆ. ಸೋಲ್ಡರಿಂಗ್ ನೀವೇ ಮಾಡಿ, ನಾನು ಪಕ್ಕದಲ್ಲಿ ಕೂತಿರುತ್ತೇನೆ.