ಹಳೆಯ ಬೇಸ್‌ಬಾಲ್ ಸ್ಮರಣ ಸಂಚಿಕೆಯಲ್ಲಿರುವ ಪೆನ್ಸಿಲ್ ಗುರುತುಗಳನ್ನು ಅಳಿಸಬಹುದೇ?

ನಮಸ್ಕಾರ. ಅಡಿಲೇಡ್‌ನಲ್ಲಿ ಕೊಂಡ ಹಳೆಯ ಪುಸ್ತಕಗಳ ಪೆಟ್ಟಿಗೆಯಲ್ಲಿ ಕ್ಲಾಕ್ಸ್‌ಟನ್ ಶೀಲ್ಡ್ ಅಂತರರಾಜ್ಯ ಬೇಸ್‌ಬಾಲ್ ಪಂದ್ಯಾವಳಿಯ ಸ್ಮರಣ ಸಂಚಿಕೆಯೊಂದು ಸಿಕ್ಕಿದೆ, ರಕ್ಷಾಪುಟ ಕಳಚಿಹೋಗಿರುವುದರಿಂದ ವರ್ಷ ತಿಳಿಯುತ್ತಿಲ್ಲ, ಒಳಗೆ ಯಾರೋ ಪೆನ್ಸಿಲಿನಿಂದ ಗೀಚಿದ್ದಾರೆ, ಅದನ್ನು ಅಳಿಸಿದರೆ ಬೆಲೆ ಹೆಚ್ಚೀತೇ ಎಂದು ಕೇಳಿದ್ದೀರಿ. ಕೊನೆಯ ಪ್ರಶ್ನೆಗೇ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಆ ಕೆಲಸ ಒಮ್ಮೆ ನಡೆದುಹೋದರೆ ಮತ್ತೆ ಸರಿಪಡಿಸಲಾಗದು. ದಯವಿಟ್ಟು ಅದಕ್ಕೆ ರಬ್ಬರು ತಾಗಿಸಬೇಡಿ.

ಅವು ಗೀಚಿದ ಗೆರೆಗಳಲ್ಲ. ಮೈದಾನದಲ್ಲಿ ಕುಳಿತಿದ್ದ ಪ್ರೇಕ್ಷಕನೊಬ್ಬ ಆಟವನ್ನು ನೋಡುತ್ತ ನೋಡುತ್ತಲೇ ಬರೆದುಕೊಂಡ ಲೆಕ್ಕ ಅದು. ಬೇಸ್‌ಬಾಲ್‌ನಲ್ಲಿ ಪ್ರತಿಯೊಂದು ಕ್ಷೇತ್ರರಕ್ಷಣೆಯ ಸ್ಥಾನಕ್ಕೂ ಒಂದು ಅಂಕಿಯಿದೆ: ಪಿಚರ್ 1, ಕ್ಯಾಚರ್ 2, ಮೊದಲ ಬೇಸ್‌ನವನು 3, ಶಾರ್ಟ್‌ಸ್ಟಾಪ್ (ಎರಡನೆಯ ಮತ್ತು ಮೂರನೆಯ ಬೇಸ್‌ಗಳ ನಡುವೆ ನಿಲ್ಲುವವನು) 6, ಹೀಗೆ ಬಲಗಡೆಯ ಹೊರಮೈದಾನದವನು 9. ನಿಮ್ಮ ಪುಟದ ಒಂದು ಚೌಕದಲ್ಲಿ '6-3' ಎಂದಿದ್ದರೆ, ನೆಲಕ್ಕಂಟಿ ಬಂದ ಚೆಂಡನ್ನು ಶಾರ್ಟ್‌ಸ್ಟಾಪ್ ಹೆಕ್ಕಿ ಮೊದಲ ಬೇಸ್‌ಗೆ ಎಸೆದ, ಹೊಡೆದವನು ಅಲ್ಲಿಗೆ ಮುಟ್ಟುವ ಮೊದಲೇ ಔಟಾದ ಎಂದರ್ಥ. 'ಕೆ' ಅಕ್ಷರವಿದ್ದರೆ ಹೊಡೆಯುವವನು ಮೂರು ಸ್ಟ್ರೈಕ್‌ಗಳಿಗೆ, ಎಂದರೆ ಮೂರು ಅವಕಾಶಗಳನ್ನೂ ಕಳೆದುಕೊಂಡು, ಔಟಾದ. ನನ್ನ ಸಂಗ್ರಹದಲ್ಲಿರುವ ಇಂಥದೇ ಒಂದು ಸಂಚಿಕೆಯಲ್ಲಿ ಏಳನೆಯ ಇನ್ನಿಂಗ್ಸ್‌ವರೆಗೆ ಪ್ರತಿ ಚೌಕವೂ ಒತ್ತಿ ಬರೆದ ಸಣ್ಣ ಅಂಕಿಗಳಿಂದ ತುಂಬಿದೆ, ಆಮೇಲಿನವು ಖಾಲಿ, ಅದೇ ಪುಟದ ಅಂಚಿನಲ್ಲಿ ನೀರು ಬಿದ್ದು ಕಾಗದ ಉಬ್ಬಿದ ಗುರುತು. ಅಂದು ಮಳೆ ಬಂದು ಆತ ಎದ್ದುಹೋಗಿರಬೇಕು ಎಂದುಕೊಂಡು ಆ ಪುಟವನ್ನು ಎಷ್ಟು ಸಲ ತೆರೆದು ನೋಡಿದ್ದೇನೋ ಲೆಕ್ಕವಿಲ್ಲ. ಅಚ್ಚಾದ ಭಾಗ ಬೇರೆ ಪ್ರತಿಗಳಲ್ಲೂ ಸಿಕ್ಕೀತು. ಆ ಕೈಬರಹ ಮಾತ್ರ ನಿಮ್ಮ ಪ್ರತಿಯಲ್ಲಿ ಬಿಟ್ಟರೆ ಇನ್ನೆಲ್ಲಿಯೂ ಇಲ್ಲ.

ಇನ್ನು ವರ್ಷದ ವಿಷಯ. ದಕ್ಷಿಣ ಆಸ್ಟ್ರೇಲಿಯದ ಪರ ಕ್ರಿಕೆಟ್ ಆಡಿದ್ದ ನೊರಿ ಕ್ಲಾಕ್ಸ್‌ಟನ್ ಎಂಬವರು ಈ ಫಲಕವನ್ನು ದಾನವಾಗಿ ಕೊಟ್ಟರು, 1934ರಲ್ಲಿ ಅಡಿಲೇಡ್‌ನಲ್ಲಿ ಮೊದಲ ಪಂದ್ಯಾವಳಿ ನಡೆಯಿತು. ಮೊದಲ ಮೂರು ವರ್ಷ ದಕ್ಷಿಣ ಆಸ್ಟ್ರೇಲಿಯವೂ 1937ರಿಂದ 1939ರವರೆಗೆ ನ್ಯೂ ಸೌತ್ ವೇಲ್ಸೂ ಗೆದ್ದವು. ಯುದ್ಧದಿಂದಾಗಿ ನಿಂತುಹೋದ ಪಂದ್ಯಾವಳಿ ಮತ್ತೆ ಆರಂಭವಾದದ್ದು 1946ರಲ್ಲಿ. ಇಂಥ ಸಂಚಿಕೆಗಳಲ್ಲಿ ಹಿಂದಿನ ವಿಜೇತರ ಪಟ್ಟಿ ಇರುವುದುಂಟು, ಅದನ್ನು ಹುಡುಕಿ. ಪಟ್ಟಿ 1939ಕ್ಕೇ ಮುಗಿದಿದ್ದು ಸಂಚಿಕೆ ಯುದ್ಧಾನಂತರದ್ದೇ ಆಗಿದ್ದರೆ, ನಿಮ್ಮ ಕೈಯಲ್ಲಿರುವುದು 1946ರದು. ಪಶ್ಚಿಮ ಆಸ್ಟ್ರೇಲಿಯ ಮೊದಲ ಬಾರಿ ಗೆದ್ದದ್ದು 1952ರಲ್ಲಿ, ಆದ್ದರಿಂದ ಅದರ ಹೆಸರು ಪಟ್ಟಿಯಲ್ಲಿದ್ದರೆ ಸಂಚಿಕೆ ಅದಕ್ಕಿಂತ ಈಚಿನದು. ಪಟ್ಟಿಯೇ ಇಲ್ಲದಿದ್ದರೆ ವಾರ ಮತ್ತು ತಾರೀಖನ್ನು ಹೊಂದಿಸಿ ನೋಡಬಹುದು. ಆಗ ಅಲ್ಲಿ ಬೇಸ್‌ಬಾಲ್ ಚಳಿಗಾಲದ ಆಟವಾಗಿತ್ತು, ಎಂದರೆ ನಮ್ಮ ಮಳೆಗಾಲದ ತಿಂಗಳುಗಳು. ಉದಾಹರಣೆಗೆ, 1946ರಿಂದ 1960ರ ನಡುವೆ ಆಗಸ್ಟ್ 16 ಶನಿವಾರವಾಗಿ ಬಂದದ್ದು 1947, 1952, 1958 ಈ ಮೂರೇ ವರ್ಷಗಳಲ್ಲಿ. ಬೆಲೆ ಅಥವಾ ಜಾಹೀರಾತಿನ ದರ ಪೆನ್ಸ್, ಶಿಲಿಂಗ್‌ಗಳಲ್ಲಿದ್ದರೆ ಅದು 1966ರ ಫೆಬ್ರವರಿಯಲ್ಲಿ ಡಾಲರ್ ಬರುವುದಕ್ಕೆ ಮೊದಲಿನದು. ಇಷ್ಟಾದ ಮೇಲೆ ಆಟಗಾರರ ಹೆಸರುಗಳನ್ನು ಆಸ್ಟ್ರೇಲಿಯದ ರಾಷ್ಟ್ರೀಯ ಗ್ರಂಥಾಲಯದ 'ಟ್ರೋವ್' ಜಾಲತಾಣದಲ್ಲಿ ಹಾಕಿ ನೋಡಿ. 1954ರವರೆಗಿನ ಬಹಳಷ್ಟು ಪತ್ರಿಕೆಗಳನ್ನು ಅಲ್ಲಿ ಉಚಿತವಾಗಿ ಓದಬಹುದು, ಪೆನ್ಸಿಲಿನ ಅಂಕಗಳನ್ನು ಪತ್ರಿಕೆಯ ವರದಿಯೊಂದಿಗೆ ತಾಳೆ ನೋಡಬಹುದು.

ತಂಡಗಳ ಪಟ್ಟಿಯನ್ನು ನಿಧಾನವಾಗಿ ಓದಿ ಎಂದು ಹೇಳಲು ಇನ್ನೊಂದು ಕಾರಣವೂ ಇದೆ. ಬೇಸಿಗೆಯಲ್ಲಿ ಕ್ರಿಕೆಟ್ ಆಡುತ್ತಿದ್ದ ಅನೇಕರು ಚಳಿಗಾಲದಲ್ಲಿ ಬೇಸ್‌ಬಾಲ್ ಆಡುತ್ತಿದ್ದರು. 1948ರ ಫೆಬ್ರವರಿಯಲ್ಲಿ ಮೆಲ್ಬರ್ನ್‌ನಲ್ಲಿ ಭಾರತದ ವಿರುದ್ಧ 153 ರನ್ ಹೊಡೆದ ನೀಲ್ ಹಾರ್ವೆ ವಿಕ್ಟೋರಿಯದ ಬೇಸ್‌ಬಾಲ್ ಆಟಗಾರರೂ ಹೌದು. 1960ರಲ್ಲಿ ಬೊಂಬಾಯಿಯಲ್ಲಿ ನಮ್ಮ ಬೌಲರುಗಳ ಎದುರು 163 ರನ್ ಗಳಿಸಿದ ನಾರ್ಮ್ ಓನೀಲ್ ನ್ಯೂ ಸೌತ್ ವೇಲ್ಸ್‌ನ ಪರ ಬೇಸ್‌ಬಾಲ್ ಆಡಿದವರು. ಮುಂದೆ ಇಯಾನ್ ಚಾಪೆಲ್ ಕೂಡ ದಕ್ಷಿಣ ಆಸ್ಟ್ರೇಲಿಯದ ಕ್ಯಾಚರ್ ಆಗಿದ್ದರು. ಇಂಥ ಒಂದು ಹೆಸರು ಕಂಡರೆ ಕ್ರಿಕೆಟ್ ಸಂಗ್ರಾಹಕರೂ ನಿಮ್ಮನ್ನು ಹುಡುಕಿಕೊಂಡು ಬರುತ್ತಾರೆ.

ಕಾಪಾಡುವುದು ಕಷ್ಟವೇನಲ್ಲ. ಅಗ್ಗದ ಕಾಗದದಲ್ಲಿ ತನ್ನದೇ ಆಮ್ಲವಿರುತ್ತದೆ, ಬೆಳಕು ಮತ್ತು ಸೆಕೆ ತಗಲಿದಷ್ಟೂ ಅದು ಹಳದಿಯಾಗಿ ಪುಡಿಯಾಗುತ್ತದೆ. ಲ್ಯಾಮಿನೇಟ್ ಮಾಡಿಸಬೇಡಿ, ಸೆಲ್ಲೊಟೇಪ್ ಅಂಟಿಸಬೇಡಿ, ಡಾಂಬರು ಗುಳಿಗೆಯನ್ನೂ ಜೊತೆಗೆ ಇಡಬೇಡಿ. ತುಕ್ಕು ಹಿಡಿದ ಪಿನ್ನುಗಳನ್ನು ಎಳೆದರೆ ಕಾಗದವೇ ಹರಿದು ಬರುತ್ತದೆ, ಆ ಕೆಲಸವನ್ನು ಬಲ್ಲವರಿಗೆ ಬಿಡಿ. ಆಮ್ಲರಹಿತ ಕಾಗದದ ಮಡಿಕೆಯಲ್ಲಿ ಅಥವಾ ಪಾಲಿಯೆಸ್ಟರ್ ಲಕೋಟೆಯಲ್ಲಿ ಮಟ್ಟಸವಾಗಿ ಮಲಗಿಸಿ, ತೇವವಿಲ್ಲದ ಕತ್ತಲೆ ಕಪಾಟಿನಲ್ಲಿಟ್ಟರೆ ಸಾಕು. ಅದಕ್ಕೂ ಮೊದಲು ಎಲ್ಲ ಪುಟಗಳನ್ನೂ ಬಣ್ಣದಲ್ಲೇ ಸ್ಕ್ಯಾನ್ ಮಾಡಿಕೊಳ್ಳಿ. ಕಪ್ಪುಬಿಳುಪಿನಲ್ಲಿ ಮಾಡಿದರೆ ಮಸುಕಾದ ಪೆನ್ಸಿಲ್ ಗೆರೆಗಳು ಕಾಣದೆಹೋಗುತ್ತವೆ.

ಮಾರಲೇಬೇಕೆಂದಿದ್ದರೆ ಅದು ನಿಮ್ಮ ಹಕ್ಕು, ನಾನು ಬೇಡವೆನ್ನಲಾರೆ. ಆದರೆ ನನ್ನನ್ನು ಕೇಳಿದರೆ, ಮಾರುವ ಮೊದಲು ನಾರ್ತ್ ಟೆರೇಸ್‌ನಲ್ಲಿರುವ ದಕ್ಷಿಣ ಆಸ್ಟ್ರೇಲಿಯದ ರಾಜ್ಯ ಗ್ರಂಥಾಲಯಕ್ಕೆ ಒಂದು ಪತ್ರ ಬರೆದು, ಈ ವರ್ಷದ ಪ್ರತಿ ಅವರಲ್ಲಿದೆಯೇ ಎಂದು ವಿಚಾರಿಸಿ. ವಿಜೇತರ ಪಟ್ಟಿಯ ಪುಟ ಮತ್ತು ಪೆನ್ಸಿಲಿನಿಂದ ತುಂಬಿದ ಒಂದು ಪುಟ, ಈ ಎರಡರ ಚಿತ್ರಗಳನ್ನು ಇಲ್ಲಿ ಹಾಕಿದರೆ, ಆ ದಿನ ಯಾರು ಹೊಡೆದರು, ಯಾರು ಔಟಾದರು ಎಂಬುದನ್ನು ಚೌಕ ಚೌಕವಾಗಿ ಓದಿ ಹೇಳುತ್ತೇನೆ.