ಅಮೆರಿಕ ಸೈನ್ಯದ ಹಳೆಯ .45 ಪಿಸ್ತೂಲಿಗೆ ಸಾವಿರ ಡಾಲರ್ ಕೊಡಬಹುದಾ? ಕೊಡಗಿಗೆ ತರಬಹುದಾ?

ನಿಮ್ಮ ಪ್ರಶ್ನೆ ಇಷ್ಟು: ಊರು ಸೋಮವಾರಪೇಟೆ ಕಡೆ, ಈಗ ನೀವು ಅಮೆರಿಕದ ಪೌರರು. ಅಲ್ಲಿಯ ಸೈನ್ಯ ಬಳಸಿ ಬಿಟ್ಟ 1911 ಮಾದರಿಯ .45 ಪಿಸ್ತೂಲು ಸಾವಿರ ಡಾಲರ್ ಆಸುಪಾಸಿಗೆ ಸಿಗುತ್ತಿದೆ. ಅಷ್ಟು ಬೆಲೆ ಬಾಳುತ್ತದಾ? ಮುಂದೆ ಊರಿಗೆ ಮರಳುವಾಗ ತಂದು, ನಮ್ಮ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದ್ ದಿನ ಅಜ್ಜನ ಕೋವಿಯ ಪಕ್ಕ ಇಟ್ಟು ಪೂಜೆ ಮಾಡಬಹುದಾ?

ನಾನು ಸೈನ್ಯದಲ್ಲಿ ಆರ್ಮರರ್, ಅಂದರೆ ಆಯುಧ ರಿಪೇರಿ ಮಾಡುವವನು ಆಗಿದ್ದೆ. ಈಗ ಗೋಣಿಕೊಪ್ಪದ ಹತ್ತಿರ ತೋಟ ನೋಡಿಕೊಂಡು ಇದ್ದೇನೆ. ನಿಮ್ಮ ಎರಡನೇ ಪ್ರಶ್ನೆಗೇ ಮೊದಲು ಉತ್ತರ ಹೇಳುತ್ತೇನೆ. ಬೆಲೆ ಎಷ್ಟು ಅನ್ನುವುದು ಅದರ ಮೇಲೇ ನಿಂತಿದೆ.

ತರಲು ಆಗುವುದಿಲ್ಲ. ನಮ್ಮ ದೇಶದ ಶಸ್ತ್ರಾಸ್ತ್ರ ನಿಯಮದಲ್ಲಿ ಸೇನೆಯ ತೋಟೆ ಹಿಡಿಸುವ ಪಿಸ್ತೂಲುಗಳೆಲ್ಲ ನಿಷೇಧಿತ ಬೋರ್, ಅಂದರೆ ಸಾಮಾನ್ಯ ಜನರಿಗೆ ನಿಷೇಧಿಸಿದ ನಳಿಗೆ ಅಳತೆ. 9 ಎಂಎಂ, .380, .455, .45 ಎಲ್ಲವೂ ಅದರಲ್ಲಿ ಬರುತ್ತವೆ. ವಿದೇಶದಲ್ಲಿದ್ದು ವಾಸ ಬದಲಿಸಿ ಬರುವವರಿಗೆ ಒಂದು ಬಂದೂಕು ತರಲು ದಾರಿ ಇದೆ, ನಿಜ. ಅದು ಅಲ್ಲಿ ಕನಿಷ್ಠ ಒಂದು ವರ್ಷ ನಿಮ್ಮ ಬಳಕೆಯಲ್ಲಿ ಇದ್ದಿರಬೇಕು, ಇಲ್ಲಿ ಲೈಸೆನ್ಸ್ ಇರಬೇಕು, ಸುಂಕ ಕಟ್ಟಬೇಕು. ಆದರೆ ಅದು ನಿಷೇಧಿತ ಬೋರ್ ಆಗಿರಬಾರದು. ನಿಮ್ಮ .45 ಅಲ್ಲೇ ನಿಂತುಬಿಡುತ್ತದೆ.

"ನಮಗೆ ಕೊಡಗಿನವರಿಗೆ ವಿನಾಯಿತಿ ಇದೆಯಲ್ಲ" ಅಂತ ನೀವು ಬರೆದಿದ್ದೀರಿ. ಇದೆ. ಕೊಡವರಿಗೂ ಜಮ್ಮಾ (ವಂಶಪಾರಂಪರ್ಯ ಜಮೀನಿನ) ಹಿಡುವಳಿದಾರರಿಗೂ ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳಲು ಇರುವ ಆ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಇನ್ನೂ ಹತ್ತು ವರ್ಷ ಮುಂದುವರಿಸಿತು. ಆದರೆ ಲೈಸೆನ್ಸ್ ಬೇಕಿಲ್ಲ ಅನ್ನುವ ಮಾತು ಬೇರೆ, ನಿಷೇಧಿತ ಬೋರ್ ಅನ್ನುವ ಮಾತು ಬೇರೆ. ಎರಡನ್ನೂ ಒಂದೇ ಅಂದುಕೊಂಡು ವಿಮಾನ ನಿಲ್ದಾಣದಲ್ಲಿ ಕಷ್ಟಕ್ಕೆ ಸಿಕ್ಕಿಕೊಳ್ಳಬೇಡಿ. ಅಜ್ಜನ ಕೋವಿ ನಿಮ್ಮ ಹೆಸರಿಗೆ ಆಗಬೇಕಿದ್ದರೆ ಅದರ ಕಾಗದಪತ್ರ ಈಗಲೇ ಮಡಿಕೇರಿಯ ಜಿಲ್ಲಾಧಿಕಾರಿ ಕಚೇರಿಯಲ್ಲಿ ಸರಿ ಮಾಡಿಸಿಕೊಳ್ಳಿ. ಕೈಲ್‌ಪೊಳ್ದ್ ದಿನ ತೋಕ್ ಪೂ (ಕೋವಿ ಹೂ) ಮುಡಿಸಲು ಮನೆಯಲ್ಲಿ ಆ ಕೋವಿ ಇದ್ದರೆ ಸಾಕು.

ಹಾಗಾದರೆ ಅಲ್ಲೇ ಇಟ್ಟುಕೊಂಡು, ಅಲ್ಲೇ ರೇಂಜಿನಲ್ಲಿ ಹೊಡೆಯಲು ಕೊಳ್ಳಬಹುದಾ? ಖಂಡಿತ ಕೊಳ್ಳಬಹುದು. ಆದರೆ ಯಾರಿಂದ ಕೊಳ್ಳುತ್ತೀರಿ ಅನ್ನುವುದು ಮುಖ್ಯ.

ಅಲ್ಲಿಯ ಸರ್ಕಾರದ ಹಳೆಯ ಪಿಸ್ತೂಲುಗಳನ್ನು ಸಿವಿಲಿಯನ್ ಮಾರ್ಕ್ಸ್‌ಮನ್‌ಶಿಪ್ ಪ್ರೋಗ್ರಾಂ ಅನ್ನುವ ಸಂಸ್ಥೆ ಮಾರುತ್ತದೆ. 2018ರಲ್ಲಿ ಶುರು ಮಾಡಿದಾಗ ಮೂರು ದರ್ಜೆ ಇದ್ದವು. ಸರ್ವಿಸ್ ದರ್ಜೆಗೆ 1050 ಡಾಲರ್, ಫೀಲ್ಡ್ ದರ್ಜೆಗೆ 950, ರ್‍ಯಾಕ್ ದರ್ಜೆಗೆ 850. ಅರ್ಜಿ ಹಾಕಿದವರಿಗೆ ಲಾಟರಿಯಂತೆ ನಂಬರ್ ಬರುತ್ತಿತ್ತು. ಒಂದೊಂದನ್ನೂ ಪರೀಕ್ಷೆ ಮಾಡಿ, ಗುಂಡು ಹೊಡೆದು ನೋಡಿಯೇ ಕಳಿಸುತ್ತಾರೆ. ಇದೊಂದೇ ಕಾರಣಕ್ಕೆ ನಾನಾಗಿದ್ದರೆ ಅಲ್ಲಿಂದಲೇ ಕೊಳ್ಳುತ್ತಿದ್ದೆ. ಹೊರಗಿನ ವ್ಯಾಪಾರಿ ಅದೇ ಸ್ಥಿತಿಯ ಪಿಸ್ತೂಲಿಗೆ ಒಂದೂವರೆ ಪಟ್ಟು, ಎರಡು ಪಟ್ಟು ಕೇಳಿದರೆ ಬಿಟ್ಟುಬಿಡಿ.

ಬರೀ ಗುರಿ ಹೊಡೆಯುವುದೇ ಆಸೆ ಅಂದರೆ ಹಳೆಯದು ಬೇಡ. ಅದೇ ಮಾದರಿಯ ಹೊಸ ಪಿಸ್ತೂಲು, ಫಿಲಿಪೀನ್ಸಿನಲ್ಲಿ ಮಾಡಿದ್ದು, 500 ಡಾಲರ್ ಸುತ್ತಮುತ್ತ ಸಿಗುತ್ತದೆ. ಅದರ ಸ್ಪ್ರಿಂಗ್ ಹೊಸದು, ಬ್ಯಾರೆಲ್ ಹೊಸದು. ಹಳೆಯದಕ್ಕೆ ಮಿಕ್ಕ 500 ಡಾಲರ್ ಕೊಡುವುದು ಅದು ಹಾದು ಬಂದ ಕೈಗಳಿಗೆ.

ಆ ಕೈಗಳ ಕಥೆ ದೊಡ್ಡದು. ಜಾನ್ ಬ್ರೌನಿಂಗ್ ರೂಪಿಸಿದ ಈ ಪಿಸ್ತೂಲನ್ನು ಅಮೆರಿಕ ಸೈನ್ಯ 1911ರಲ್ಲಿ ಒಪ್ಪಿಕೊಂಡಿತು. 1985ರಲ್ಲಿ ಬೆರೆಟ್ಟಾ ಕಂಪನಿಯ 9 ಎಂಎಂ ಪಿಸ್ತೂಲು ಬರುವ ತನಕ ಅದೇ ನಡೆಯಿತು. ಸೈನ್ಯಕ್ಕಾಗಿ ಹೊಸದಾಗಿ ಮಾಡುವುದನ್ನು 1945ರಲ್ಲೇ ನಿಲ್ಲಿಸಿದ್ದರು. ಅಂದರೆ ನಿಮ್ಮ ಕೈಗೆ ಬರುವುದರ ಫ್ರೇಮಿಗೆ (ಹಿಡಿಕೆ ಇರುವ ಕೆಳಭಾಗಕ್ಕೆ) ಕಡಿಮೆ ಅಂದರೂ ಎಂಬತ್ತು ವರ್ಷ. ಎರಡನೇ ಮಹಾಯುದ್ಧದಲ್ಲಿ ಟೈಪ್‌ರೈಟರ್ ಮಾಡುತ್ತಿದ್ದ ರೆಮಿಂಗ್ಟನ್ ರ್‍ಯಾಂಡ್ ಕಂಪನಿ ಇದನ್ನು ಲಕ್ಷಗಟ್ಟಲೆ ಮಾಡಿತು. ರೈಲ್ವೆ ಸಿಗ್ನಲ್ ಮಾಡುವ ಕಂಪನಿಯೂ ಮಾಡಿತು. ನಮ್ಮ ಅಮ್ಮಂದಿರ ಹೊಲಿಗೆ ಯಂತ್ರದ ಸಿಂಗರ್ ಕಂಪನಿ ಕೂಡ 1941ರಲ್ಲಿ 500 ಪಿಸ್ತೂಲು ಮಾಡಿ ನಿಲ್ಲಿಸಿತು. ಆ ಸಿಂಗರ್ ಪಿಸ್ತೂಲಿಗೆ ಇವತ್ತು ಸಂಗ್ರಹಕಾರರು ಕೊಡುವ ಬೆಲೆ ನೀವು ಹೇಳಿದ ಸಾವಿರ ಡಾಲರಿನ ಎಷ್ಟೋ ಪಟ್ಟು. ಹಾಗಾಗಿ ಯಾರಾದರೂ ಸಿಂಗರ್ ಅಂತ ಕಡಿಮೆ ಬೆಲೆಗೆ ಕೊಡಲು ಬಂದರೆ ದೂರ ಇರಿ.

ನಾನು ಸರ್ವಿಸಿನಲ್ಲಿ ಹೆಚ್ಚಾಗಿ ಬಿಚ್ಚಿ ಕೂಡಿಸಿದ್ದು ನಮ್ಮ ಇಶಾಪುರದ 9 ಎಂಎಂ ಪಿಸ್ತೂಲು. ಅದರ ಮೂಲವೂ ಬ್ರೌನಿಂಗ್ ಅವರೇ ಶುರು ಮಾಡಿದ ಕೆಲಸ. 13 ಗುಂಡು ಹಿಡಿಯುತ್ತದೆ, 1911ರಲ್ಲಿ 7. ಒಳಗೆ ಒಂದು ವ್ಯತ್ಯಾಸ ಇದೆ. 1911ರಲ್ಲಿ ಬ್ಯಾರೆಲ್ ಕೆಳಗೆ ಪುಟ್ಟ ಕೊಂಡಿ ಇರುತ್ತದೆ. ಗುಂಡು ಹೊಡೆದಾಗ ಬ್ಯಾರೆಲನ್ನು ಕೆಳಕ್ಕೆ ಎಳೆದು ಸ್ಲೈಡಿನಿಂದ (ಮೇಲೆ ಹಿಂದೆಮುಂದೆ ಜಾರುವ ಭಾಗದಿಂದ) ಬಿಡಿಸುವುದು ಅದೇ. ಹಳೆಯ ಪಿಸ್ತೂಲಿನಲ್ಲಿ ಆ ಕೊಂಡಿ, ಅದರ ಪಿನ್ನು ಸವೆದಿರುತ್ತವೆ. ಮೊದಲು ಅಲ್ಲಿ ನೋಡಿ. ಸ್ಲೈಡ್ ಮುಂದೆ ಇದ್ದಾಗ ಬ್ಯಾರೆಲಿನ ಹಿಂಭಾಗವನ್ನು ಬೆರಳಿನಿಂದ ಒತ್ತಿ. ಜಾಸ್ತಿ ಕುಣಿದರೆ ಬೇಡ. ಆಮೇಲೆ ಬ್ಯಾರೆಲ್ ಹೊರಗೆ ತೆಗೆದು ಬೆಳಕಿಗೆ ಹಿಡಿಯಿರಿ. ಒಳಗಿನ ಸುರುಳಿ ಗೆರೆಗಳು ಚೂಪಾಗಿ ಕಾಣಬೇಕು. ಸ್ವಲ್ಪ ಕಪ್ಪು ಇದ್ದರೆ ಪರವಾಗಿಲ್ಲ, ಗುಳಿ ಬಿದ್ದಿದ್ದರೆ ಬೆಲೆ ಇಳಿಸಿ. ಸ್ಪ್ರಿಂಗುಗಳ ಚಿಂತೆ ಬೇಡ, ಹೊಸದು ಹಾಕಿಸಿದರಾಯಿತು.

ಎಲ್ಲ ಭಾಗವೂ ಒಂದೇ ಕಂಪನಿಯದು ಇರಲಿ ಅಂತ ಹುಡುಕಬೇಡಿ. ಸೈನ್ಯದ ಡಿಪೋಗಳಲ್ಲಿ ರಾಶಿ ಬಿಚ್ಚಿ, ತೊಳೆದು, ಕೈಗೆ ಸಿಕ್ಕಿದ್ದನ್ನು ಸೇರಿಸುವುದೇ ಪದ್ಧತಿ. ನಾವೂ ಹಾಗೇ ಮಾಡುತ್ತಿದ್ದೆವು. ರೆಮಿಂಗ್ಟನ್ ಸ್ಲೈಡು, ಕೋಲ್ಟ್ ಕಂಪನಿಯ ಫ್ರೇಮು ಇದ್ದರೆ ಅದು ಮೋಸ ಅಲ್ಲ, ಸರ್ವಿಸ್ ಮಾಡಿದ ಗುರುತು. "ಎಲ್ಲವೂ ಮೂಲ ಭಾಗ" ಅಂತ ಹೆಚ್ಚು ಹಣ ಕೇಳಿದಾಗಲೇ ಹುಷಾರಾಗಿರಬೇಕು.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣ ನಮ್ಮ ಚಿಕ್ಕಪ್ಪ. ಇಲ್ಲಿ ವಿದೇಶಿ ಪಿಸ್ತೂಲುಗಳು ಮಾರಾಟಕ್ಕೆ ಬರುವುದು 1980ರ ದಶಕದಲ್ಲೇ ನಿಂತಿತು. ಅದಕ್ಕೇ ಉಳಿದ ಹಳೆಯ .32ಗಳಿಗೆ ಬಾಯಿಗೆ ಬಂದ ಬೆಲೆ. ಚಿಕ್ಕಪ್ಪ ಲೈಸೆನ್ಸ್ ಸಿಕ್ಕ ಖುಷಿಯಲ್ಲಿ ಒಬ್ಬ ವ್ಯಾಪಾರಿಯ ಹತ್ತಿರ ಮೂರು ಲಕ್ಷ ಕೊಟ್ಟು ಒಂದು ತಂದರು. ನನಗೆ ತೋರಿಸಿದ್ದು ಆಮೇಲೆ. ಹೊರಗೆ ಕನ್ನಡಿಯಂತೆ ಹೊಳೆಯುತ್ತಿತ್ತು. ಆದರೆ ಕಂಪನಿಯ ಅಕ್ಷರಗಳ ಅಂಚು ಸವೆದಿತ್ತು. ತುಕ್ಕು ಉಜ್ಜಿ, ಹೊಸದಾಗಿ ಬಣ್ಣ ಹಾಕಿದ್ದರು. ಪುಲ್‌ಥ್ರೂಗೆ (ಬ್ಯಾರೆಲ್ ಒರೆಸುವ ಹಗ್ಗಕ್ಕೆ) ಚಿಂದಿ ಕಟ್ಟಿ ಎಳೆದರೆ ದಾರಿಯಲ್ಲೇ ಸಿಕ್ಕಿಕೊಳ್ಳುತ್ತಿತ್ತು, ಒಳಗೆ ಅಷ್ಟು ಗುಳಿ. ಮ್ಯಾಗಜೀನ್ ಬೇರೆ ಯಾವುದೋ ಪಿಸ್ತೂಲಿನದು. ಚಿಕ್ಕಪ್ಪ ಮಾತಾಡಲಿಲ್ಲ, ಜಗಲಿಯಲ್ಲಿ ತುಂಬ ಹೊತ್ತು ಕೂತಿದ್ದರು. ಆ ಮುಖ ನನಗೆ ಮರೆಯಲು ಆಗಿಲ್ಲ. ಕೊಳ್ಳುವ ಮೊದಲು ಒಂದು ಮಾತು ಕೇಳಿದ್ದರೆ ಅಂತ ಈಗಲೂ ಅನಿಸುತ್ತದೆ. ಅದಕ್ಕೇ ನೀವು ಮೊದಲೇ ಕೇಳಿದ್ದು ನೋಡಿ ನನಗೆ ಸಂತೋಷವಾಯಿತು.

ನನ್ನ ಅಭಿಪ್ರಾಯ ಕೇಳಿದರೆ ಫೀಲ್ಡ್ ದರ್ಜೆ ತೆಗೆದುಕೊಳ್ಳಿ. ಹೊರಮೈ ಸ್ವಲ್ಪ ಸವೆದಿರುತ್ತದೆ, ಕೆಲಸಕ್ಕೆ ಏನೂ ತೊಂದರೆ ಇರುವುದಿಲ್ಲ. ರ್‍ಯಾಕ್ ದರ್ಜೆಯಲ್ಲಿ ತುಕ್ಕು ಜಾಸ್ತಿ, ರಿಪೇರಿ ಕೆಲಸವೂ ಇರುತ್ತದೆ. ನಿಮಗೆ ಕೈಗೆಲಸ ಗೊತ್ತಿಲ್ಲದಿದ್ದರೆ ಉಳಿಸಿದ ಹಣ ಅಲ್ಲೇ ಹೋಗುತ್ತದೆ. ಹೊಳಪು ಮಾಡಿಸಲು ಮಾತ್ರ ಹೋಗಬೇಡಿ. ಎಣ್ಣೆ ಹಚ್ಚಿ ಒರೆಸಿಡಿ, ಸಾಕು. ಹೊಸ ಬಣ್ಣ ಬಿದ್ದ ದಿನವೇ ಅದರ ಅರ್ಧ ಬೆಲೆ ಹೋದಂತೆ.

ಪಿಸ್ತೂಲು ಬಂದ ಮೇಲೆ ಸ್ಲೈಡಿನ ಎಡಭಾಗದಲ್ಲಿ ಯಾವ ಕಂಪನಿಯ ಹೆಸರಿದೆ, ಫ್ರೇಮಿನ ಮೇಲೆ ಡಿಪೋದ ಯಾವ ಗುರುತು ಇದೆ ನೋಡಿ ಇಲ್ಲೇ ಬರೆಯಿರಿ. ನಂಬರ್ ಪೂರ್ತಿ ಹಾಕಬೇಡಿ, ಎಲ್ಲರೂ ಓದುವ ಜಾಗ ಇದು. ಆ ಗುರುತುಗಳಿಂದ ಅದನ್ನು ಎಲ್ಲಿ ಬಿಚ್ಚಿ ಸರಿ ಮಾಡಿದ್ದರು ಅಂತ ಇಬ್ಬರೂ ಸೇರಿ ಹುಡುಕೋಣ.